ಎರಡು ವರ್ಷದ ಬ್ಯಾಕ್‌ಗ್ಯಾಮನ್ ಸೆಟ್: ಆಟ ಚಿನ್ನ, ಚೀಟಿ ದಂಡ

ಈ ಮಡಚುವ ಬ್ಯಾಕ್‌ಗ್ಯಾಮನ್ ಸೆಟ್ ತಗೊಂಡು ಎರಡು ವರ್ಷ ಆಯಿತು. ಇಬ್ಬರು ದಾಳ ಹಾಕಿ ಕಾಯಿ ನಡೆಸುವ ಹಲಗೆ ಆಟ ಇದು. ಅಳತೆ, ಬಣ್ಣ ಎಲ್ಲ ನೀವೇ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ನನ್ನ ಸಿಟ್ಟೆಲ್ಲ ಜೊತೆಗೆ ಬಂದ ನಿಯಮದ ಚೀಟಿಯ ಮೇಲೆ. ಅಂಗೈ ಅಗಲದ ಆ ಕಾಗದ ನಮ್ಮಿಂದ ಮೂರು ತಿಂಗಳು ತಪ್ಪು ಆಟ ಆಡಿಸಿದೆ.

ಅದರಲ್ಲಿ ಇದ್ದದ್ದು ಇಷ್ಟೇ: ದಾಳ ಹಾಕಿ, ಬಿದ್ದಷ್ಟು ಮನೆ ನಡೆಸಿ, 15 ಕಾಯಿಯನ್ನೂ ಮೊದಲು ಹೊರಗೆ ತೆಗೆದವರು ಗೆದ್ದರು. ಸರಿ ಅಂತ ನಾನೂ ಅಕ್ಕನೂ ಎರಡೂ ದಾಳ ಕೂಡಿಸಿ ನಡೆಸುತ್ತಿದ್ದೆವು. 6 ಮತ್ತು 5 ಬಿದ್ದರೆ 11, ಮುಗೀತು. ಆದರೆ ಇಲ್ಲಿ ಎರಡು ದಾಳ ಅಂದರೆ ಎರಡು ನಡೆ. ಒಂದೇ ಕಾಯಿಯನ್ನು ಎರಡಕ್ಕೂ ನಡೆಸಬಹುದು, ಆದರೆ ನಡುವೆ ಕಾಲಿಡುವ ಮನೆಯಲ್ಲಿ ಎದುರಿನವರ ಎರಡು ಕಾಯಿ ಗಟ್ಟಿ ಕಟ್ಟಿರಬಾರದು. ಆಟದ ಶುರುವಿನಲ್ಲೇ ನೋಡಿ. ಕಾಯಿ ಹೊರಗೆ ತೆಗೆಯುವ ಕಡೆಯಿಂದ ಮನೆ ಎಣಿಸಿದರೆ ತೀರಾ ದೂರದ್ದು 24. ಆ 24ನೇ ಮನೆಯ ಕಾಯಿ ಮೊದಲು 6, ಆಮೇಲೆ 5 ನಡೆದರೆ ಆರಾಮಾಗಿ 13ಕ್ಕೆ ಹೋಗಿ ನಮ್ಮವರ ಜೊತೆ ಸೇರುತ್ತದೆ. ಮೊದಲು 5 ನಡೆಸಲು ಹೋದರೆ ಎದುರಿನವರ ಐದು ಕಾಯಿ ಕೂತ ಮನೆ, ದಾರಿಯೇ ಇಲ್ಲ. 5-5 ಬಿದ್ದರಂತೂ ಆ ಕಾಯಿ ಅಲುಗಾಡುವಂತಿಲ್ಲ. ನಾವು ಎಲ್ಲರ ತಲೆ ಮೇಲೆ ಹಾರಿಸಿಕೊಂಡು ಹೋಗುತ್ತಿದ್ದೆವು! ಜೋಡಿ ಬಿದ್ದರೆ ಆ ಸಂಖ್ಯೆಯನ್ನು ನಾಲ್ಕು ಸಲ ಆಡಬೇಕು ಅನ್ನೋದೂ ಚೀಟಿಯಲ್ಲಿ ಇರಲಿಲ್ಲ.

ಒಂದು ಸಂಜೆ ಆಟ ಬಲ್ಲ ಗೆಳತಿ ಬಂದು ಪಕ್ಕದಲ್ಲಿ ಕೂತಳು. ಆಗ ಅಕ್ಕನ ಒಂಟಿ ಕಾಯಿಯನ್ನು ನಾನು ಹೊಡೆದು ಹಲಗೆಯ ನಡುವಿನ ಪಟ್ಟಿ ಮೇಲೆ ಇಟ್ಟಿದ್ದೆ.

"ಅಕ್ಕ, ನಿನ್ನ ಕಾಯಿ ಇನ್ನೂ ನಡುವಿನ ಪಟ್ಟಿ ಮೇಲಿದೆ."

"ಇರಲಿ ಬಿಡೇ, ಅದೇನು ಓಡಿಹೋಗುತ್ತಾ?"

ಗೆಳತಿ ಬಿದ್ದು ಬಿದ್ದು ನಕ್ಕಳು. ಪಟ್ಟಿ ಮೇಲಿನ ಕಾಯಿ ಎದುರಿನವರ ಕೊನೆಯ ಆರು ಮನೆಗಳಲ್ಲಿ ಒಂದಕ್ಕೆ ಇಳಿಯುವ ತನಕ ಬೇರೆ ಕಾಯಿ ಮುಟ್ಟುವಂತೆಯೇ ಇಲ್ಲವಂತೆ. ಆ ಆರರಲ್ಲಿ ಐದು ಮುಚ್ಚಿದ್ದರೆ 36ಕ್ಕೆ 11 ಸಲ ಮಾತ್ರ ಇಳಿಯಲು ಗರ ಬೀಳುತ್ತದೆ. ಆರೂ ಮುಚ್ಚಿದರೆ ಸುಮ್ನೆ ಕೂತು ನೋಡಬೇಕು. ನಾವು ಮೂರು ತಿಂಗಳು ಓಟದ ಪಂದ್ಯ ಆಡಿದ್ದೆವು. ಬಾಗಿಲು ಹಾಕುವ ಆಟ ಅವತ್ತು ಶುರುವಾಯಿತು.

ಇನ್ನು ಆ ದೊಡ್ಡ ದಾಳದ ಕಥೆ. 2, 4, 8, 16, 32, 64 ಅಂತ ಬರೆದಿದೆ, ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಒಮ್ಮೆ ಅಕ್ಕ ಅದನ್ನೂ ಉರುಳಿಸಿ "64 ಬಿತ್ತು!" ಅಂದಿದ್ದಳು. ಅದು ಉರುಳಿಸುವ ದಾಳವಲ್ಲ, ಪಣ ಇಮ್ಮಡಿ ಮಾಡುವ ಗುರುತು. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದಂತೆ. ಗೆಲ್ಲುತ್ತೇನೆ ಅನಿಸಿದವರು ತಮ್ಮ ಸರದಿಯಲ್ಲಿ, ದಾಳ ಹಾಕುವ ಮೊದಲು, ಇದನ್ನು ಮುಂದೆ ಇಡುತ್ತಾರೆ. ಬೇಡ ಅಂದರೆ ಆಗಿನ ಪಣಕ್ಕೇ ಆ ಆಟ ಸೋತಂತೆ. ಒಪ್ಪಿದರೆ ಪಣ ಎರಡರಷ್ಟು, ಮುಂದಿನ ಸಲ ಇಡುವ ಹಕ್ಕು ಒಪ್ಪಿದವರದ್ದು. ಅಕ್ಕ ಇದನ್ನು ಇಡುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಅದಕ್ಕೇ ನಾನು ಜಾಸ್ತಿ ಸೋಲುವುದು.

ಇಷ್ಟು ಬೈದರೂ ದಿನಾ ರಾತ್ರಿ ಪೆಟ್ಟಿಗೆ ತೆಗೆಯುತ್ತೇವೆ. ನಾನು ಜೋಡಿಸುವುದು ಯಾವಾಗಲೂ ಒಂದೇ ಕ್ರಮದಲ್ಲಿ: 24ರಲ್ಲಿ ಎರಡು, 13ರಲ್ಲಿ ಐದು, 8ರಲ್ಲಿ ಮೂರು, 6ರಲ್ಲಿ ಐದು. ಕಾಯಿಗೆ ಕಾಯಿ ತಾಗುವ ಟಕ್ ಸದ್ದು ಕೇಳದಿದ್ದರೆ ದಿನ ಮುಗಿದಂತೆ ಅನಿಸುವುದಿಲ್ಲ. ಮೊದಲ ಗರವೇ 3-1 ಬಿದ್ದರೆ 8ರಿಂದ ಒಂದು, 6ರಿಂದ ಒಂದು ಇಳಿಸಿ 5ನೇ ಮನೆ ಕಟ್ಟುವ ಖುಷಿಯೇ ಬೇರೆ. ಆಗ ಅಕ್ಕ "ಶುರುವಾಯ್ತು ನಿಂದು" ಅನ್ನುತ್ತಾಳೆ.

ದಾಳ ಕುಲುಕುವ ಕಪ್‌ನ ಒಳಬಟ್ಟೆ ಒಂದು ವರ್ಷಕ್ಕೇ ಬಿಟ್ಟುಕೊಂಡಿತು, ಅಂಟು ಹಾಕಿದ್ದೇನೆ. ಮರದ ಸೆಟ್ ಕೊಳ್ಳುವಷ್ಟು ಆಗ ಕೈಯಲ್ಲಿ ಇರಲಿಲ್ಲ. ಈಗಲೂ ಬದಲಾಯಿಸುವ ಮನಸ್ಸಿಲ್ಲ. ಸೆಟ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಕಳೆದದ್ದು ಚೀಟಿಯೇ.

ಅಂದ ಹಾಗೆ, ನಡುವಿನ ಕೀಲು ಸ್ವಲ್ಪ ಉಬ್ಬಿದೆ, ಹಲಗೆ ಸಮವಾಗಿ ಕೂರುವುದಿಲ್ಲ, ಪಟ್ಟಿ ಮೇಲಿನ ಕಾಯಿ ಜಾರುತ್ತದೆ. ಒಂದು ಮೂಲೆಗೆ ಏನಾದರೂ ಒತ್ತು ಕೊಡಬೇಕು. ನಿಯಮದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದರೆ ಅಳತೆ ಸರಿಯಾಗಿ ಕೂರುತ್ತದೆ.