ಸಿಲಿಕಾನ್ ಫಜ್ ಫೇಸ್: ಕಟ್ಟಿ, ತಿದ್ದಿ, ವರ್ಷಗಟ್ಟಲೆ ತುಳಿದ ಮೇಲೆ

ಇದು ಅಂಗಡಿಯಿಂದ ತಂದ ಪೆಡಲ್ ಅಲ್ಲ. ಗಿಟಾರಿನ ಸದ್ದನ್ನು ಒರಟಾಗಿ ಒಡೆದು ಗುರ್ ಅನ್ನಿಸುವ ಪೆಡಲಿಗೆ ಫಜ್ ಅನ್ನುತ್ತಾರೆ. ಅಂಥ ಒಂದು ಹಳೆಯ ಫಜ್ ಆದ ಫಜ್ ಫೇಸ್‌ನ ಸರ್ಕ್ಯೂಟನ್ನು ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿ ನಾನೇ ಕಟ್ಟಿಕೊಂಡದ್ದು. ಗಿಟಾರಿನಿಂದ ಬರುವ ವೈರು ಮೊದಲು ಸೇರುವುದೇ ಇದಕ್ಕೆ. ಈ ನಡುವೆ ಬೇರೆ ಫಜ್‌ಗಳು ಬಂದು ಹೋದವು, ಇದು ಮಾತ್ರ ಉಳಿದಿದೆ. ಆದರೆ ಹಳೆಯ ನಕ್ಷೆಯಲ್ಲಿ ಇದ್ದ ಹಾಗೆಯೇ ಬಿಟ್ಟಿದ್ದರೆ ಉಳಿಯುತ್ತಿತ್ತು ಅಂತ ಅನಿಸುವುದಿಲ್ಲ. ಹಾಗಾಗಿ ಇದು ಸರ್ಕ್ಯೂಟಿನ ವಿಮರ್ಶೆ ಎಷ್ಟೋ, ಅದಕ್ಕೆ ಮಾಡಿಕೊಂಡ ಬದಲಾವಣೆಗಳ ವಿಮರ್ಶೆಯೂ ಅಷ್ಟೇ.

ಫಜ್ ಫೇಸ್ 1966ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಒಳಗಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್). ಮುಗೀತು. ಇಷ್ಟು ಕಡಿಮೆ ಸಾಮಾನು ಅಂತಲೇ ಎಲ್ಲರೂ ಇದನ್ನು ಹೊಸಬರಿಗೆ ಸೂಚಿಸುತ್ತಾರೆ. ಬೆಸುಗೆ ಹಾಕುವುದು ಸುಲಭ, ನಿಜ. ಚೆನ್ನಾಗಿ ಕೇಳಿಸುವ ಹಾಗೆ ಮಾಡುವುದು ಅಷ್ಟು ಸುಲಭವಲ್ಲ. ಸಾಮಾನು ಕಡಿಮೆ ಇದ್ದಷ್ಟೂ ಒಂದೊಂದರ ಅಳತೆಯೂ ಕಿವಿಗೆ ನೇರವಾಗಿ ತಾಗುತ್ತದೆ.

ಯಾವ ಫಜ್ ಕಟ್ಟಬೇಕು ಅಂತ ಯಾರಾದರೂ ಕೇಳಿದರೆ ನಾನು ವಾಪಸ್ ಒಂದೇ ಪ್ರಶ್ನೆ ಕೇಳುತ್ತೇನೆ: ನುಡಿಸುವಾಗ ಗಿಟಾರಿನ ವಾಲ್ಯೂಮ್ ನಾಬ್ ಮುಟ್ಟುತ್ತೀರಾ? ಮುಟ್ಟುವವರಾದರೆ ಫಜ್ ಫೇಸ್. ಇದರ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್ಲಿಗೆ ಒಡ್ಡುವ ಅಡ್ಡಿ) ತುಂಬಾ ಕಡಿಮೆ, ಕೆಲವೇ ಕಿಲೋಓಮ್. ಆದ್ದರಿಂದ ತಂತಿಯ ಕಂಪನ ಹಿಡಿಯುವ ಪಿಕಪ್ಪೂ ಗಿಟಾರಿನ ವಾಲ್ಯೂಮ್ ಪಾಟೂ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತವೆ. ನಾಬನ್ನು ಸ್ವಲ್ಪ ಇಳಿಸಿದರೆ ಸಾಕು, ಗುರ್ ಅನ್ನುತ್ತಿದ್ದ ಸದ್ದು ಗಾಜಿನಂತೆ ತಿಳಿಯಾಗುತ್ತದೆ. ಪೆಡಲ್ ಆಫ್ ಮಾಡುವುದೇ ಬೇಡ. ನಾನು ಹಾಡಿನ ಚರಣಕ್ಕೆ ನಾಬ್ ಇಳಿಸಿ, ಸೋಲೋ ಬಂದಾಗ ಪೂರ್ತಿ ಏರಿಸುತ್ತೇನೆ. ಇಷ್ಟು ಕಾಲ ಇದನ್ನು ಇಟ್ಟುಕೊಂಡಿರುವುದಕ್ಕೆ ಮುಖ್ಯ ಕಾರಣ ಇದೇ.

ನಾಬ್ ಸದಾ ಪೂರ್ತಿ ಏರಿಸಿಯೇ ನುಡಿಸುವವರಿಗೆ, ಉದ್ದುದ್ದ ಎಳೆದ ಸ್ವರ ಬೇಕಾದವರಿಗೆ ಬಿಗ್ ಮಫ್ ಅನ್ನುವ ಇನ್ನೊಂದು ಫಜ್ ಒಳ್ಳೆಯದು. ಅದರಲ್ಲಿ ನಾಲ್ಕು ಟ್ರಾನ್ಸಿಸ್ಟರ್, ಸದ್ದಿನ ತುದಿ ಕತ್ತರಿಸುವ ಎರಡು ಡಯೋಡ್ ಹಂತಗಳು. ಗಿಟಾರಿಗೂ ಅದಕ್ಕೂ ನಡುವೆ ಯಾವ ಪೆಡಲ್ ಇದ್ದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ಯಾಂಡಿನ ಸದ್ದಿನಲ್ಲಿ ಅದು ಮುಳುಗುತ್ತದೆ ಅನ್ನುವ ದೂರು ಇದೆ, ಅದೂ ಸುಳ್ಳಲ್ಲ. ಅದರ ಟೋನ್ ಭಾಗ 1000 ಹರ್ಟ್ಸ್ ಸುತ್ತ ದೊಡ್ಡ ಹಳ್ಳ ತೋಡುತ್ತದೆ, ಗಿಟಾರ್ ಎದ್ದು ಕೇಳಬೇಕಾದ ಜಾಗ ಅದೇ. ಅಲ್ಲಿರುವ ಸುಮಾರು 4 ನ್ಯಾನೊಫ್ಯಾರಡ್ ಕೆಪಾಸಿಟರ್ ತೆಗೆದು 10 ಹಾಕಿದರೆ ಹಳ್ಳ ಬಹಳಷ್ಟು ತುಂಬುತ್ತದೆ. ಬಿಗ್ ಮಫ್ ಬಗ್ಗೆ ಇಷ್ಟು ಸಾಕು.

ಇನ್ನು ಜರ್ಮೇನಿಯಂ ವಿಷಯ, ಅಂದರೆ ಸಿಲಿಕಾನಿಗಿಂತ ಹಳೆಯ ಬಗೆಯ ಟ್ರಾನ್ಸಿಸ್ಟರಿನದು. ಫಜ್ ಅಂದರೆ ಜರ್ಮೇನಿಯಂ ಅನ್ನುವ ಭಕ್ತಿ ಎಲ್ಲ ಕಡೆ ಇದೆ. ಮೊದಮೊದಲ ಫಜ್ ಫೇಸ್‌ಗಳಲ್ಲಿ ಇದ್ದದ್ದೂ ಅದೇ, ಎನ್‌ಕೆಟಿ275. ಸದ್ದು ಮೃದುವಾಗಿರುತ್ತದೆ, ನಾಬ್ ಇಳಿಸಿದಾಗ ಇನ್ನೂ ಚೆಂದ. ಒಪ್ಪಿಕೊಳ್ಳುತ್ತೇನೆ. ಆದರೆ ಮೊದಲ ಪೆಡಲಿಗೆ ಬೇಡ. ಜರ್ಮೇನಿಯಂನಲ್ಲಿ ಸೋರುವ ಕರೆಂಟ್ ಜಾಸ್ತಿ, ಸೆಖೆ ಏರಿದ ಹಾಗೆ ಅದೂ ಏರುತ್ತದೆ. ಸುಮಾರು 10 ಡಿಗ್ರಿಗೆ ಎರಡು ಪಟ್ಟು. ಬೆಳಿಗ್ಗೆ ಸರಿಯಾಗಿ ಕೂರಿಸಿದ ಬಯಾಸ್ (ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರಿನಲ್ಲಿ ನಿಲ್ಲುವ ವೋಲ್ಟೇಜ್) ಸಂಜೆ ಬಿಸಿ ಲೈಟಿನ ಕೆಳಗೆ ಬೇರೆಯೇ ಆಗಿರುತ್ತದೆ. ಸಾದಾ ಮಲ್ಟಿಮೀಟರ್ ಈ ಸೋರಿಕೆಯನ್ನೂ ಗೇನ್ (ಟ್ರಾನ್ಸಿಸ್ಟರ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವ ಅಳತೆ) ಅಂತಲೇ ಲೆಕ್ಕ ಹಾಕಿ ತೋರಿಸುತ್ತದೆ, ನಾವು ಮೋಸ ಹೋಗುತ್ತೇವೆ. ನಾನು ಒಮ್ಮೆ ಆನ್‌ಲೈನಿನಲ್ಲಿ ತರಿಸಿದ ಕಟ್ಟಿನಲ್ಲಿ ಫಜ್‌ಗೆ ಆಗುವಂಥವು ಬೆರಳೆಣಿಕೆಯಷ್ಟೇ ಇದ್ದವು. ಮಾರಿದವರು ‘ಎಲ್ಲ ಪರೀಕ್ಷಿಸಿದ್ದು’ ಅಂತ ಬರೆದಿದ್ದರು. ಏನು ಪರೀಕ್ಷಿಸಿದರೋ! ಜೊತೆಗೆ ಹಳೆಯವು ಹೆಚ್ಚಿನವು ಕರೆಂಟ್ ಉಲ್ಟಾ ಹರಿಯುವ ಬಗೆ, ಪಿಎನ್‌ಪಿ. ಹಳೆಯ ನಕ್ಷೆಯಂತೆ ಕಟ್ಟಿದರೆ ಪಾಸಿಟಿವ್ ಗ್ರೌಂಡ್ ಆಗುತ್ತದೆ (ಬ್ಯಾಟರಿಯ ಪ್ಲಸ್ ತುದಿಯೇ ಗ್ರೌಂಡ್), ಬೇರೆ ಪೆಡಲ್‌ಗಳ ಜೊತೆ ಒಂದೇ ಪವರ್ ವೈರಿಗೆ ಸಿಕ್ಕಿಸುವ ಹಾಗಿಲ್ಲ.

ಸಿಲಿಕಾನಿಗೆ ಈ ರಗಳೆ ಇಲ್ಲ, ಅದರದು ಬೇರೆ ರಗಳೆ: ಗೇನ್ ಜಾಸ್ತಿ. ಬಿಸಿ108 ಅನ್ನುವ ಟ್ರಾನ್ಸಿಸ್ಟರಿಗೆ ಒಂದೇ ಹೆಸರಿದ್ದರೂ ಗೇನ್ 110ರಿಂದ 800ರವರೆಗೆ ಎಷ್ಟು ಬೇಕಾದರೂ ಇರಬಹುದು. ಹಾಗಾಗಿ ಹೆಸರು ನೋಡಿ ದುಡ್ಡು ಸುರಿಯಬೇಡಿ, ಅಳೆದು ನೋಡಿ. ಮೊದಲ ಟ್ರಾನ್ಸಿಸ್ಟರ್ 100ರ ಆಸುಪಾಸು, ಎರಡನೆಯದು ಅದಕ್ಕಿಂತ ಸ್ವಲ್ಪ ಮೇಲೆ ಇದ್ದರೆ ನನ್ನ ಕಿವಿಗೆ ಹಿತ. ಎರಡೂ ಕಡೆ ಭಾರಿ ಗೇನ್ ಹಾಕಿದರೆ ಜೇನುಹುಳದ ಸದ್ದು, ಅದರ ಹಿಂದೆ ಬುಸ್ ಅನ್ನುವ ಗದ್ದಲ. ಟ್ರಾನ್ಸಿಸ್ಟರನ್ನು ನೇರವಾಗಿ ಬೆಸೆಯದೆ ಸಾಕೆಟ್ ಹಾಕಿ, ಬದಲಿಸಿ ನೋಡುವುದು ಸುಲಭ. ಕಾಲುಗಳ ಕ್ರಮ ಮಾತ್ರ ಗಮನಿಸಿ. ಚಪ್ಪಟೆ ಮುಖ ನಮ್ಮ ಕಡೆಗಿಟ್ಟು ಕಾಲು ಕೆಳಗೆ ಮಾಡಿ ಹಿಡಿದರೆ, 2ಎನ್3904ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಸರಿಯಾಗಿ ಅದರ ಉಲ್ಟಾ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟ ಬದಲಾವಣೆ ಬಯಾಸಿನದು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಮೂಲದಲ್ಲಿ 8.2 ಕಿಲೋಓಮ್ ರೆಸಿಸ್ಟರ್ ಇದೆ. ಸಿಲಿಕಾನ್ ಹಾಕಿ ಅದನ್ನು ಹಾಗೆಯೇ ಬಿಟ್ಟರೆ ಅಲ್ಲಿನ ವೋಲ್ಟೇಜ್ 3ರ ಹತ್ತಿರವೋ ಅದಕ್ಕೂ ಕೆಳಗೋ ನಿಲ್ಲುತ್ತದೆ. ಬೇಕಾದದ್ದು 9 ವೋಲ್ಟಿನ ಅರ್ಧ, ಅಂದರೆ 4.5ರ ಸುತ್ತಮುತ್ತ. ಆ ಜಾಗಕ್ಕೆ ಸ್ಕ್ರೂಡ್ರೈವರಿನಲ್ಲಿ ತಿರುಗಿಸುವ ಪುಟ್ಟ ಪಾಟ್, 10 ಕಿಲೋಓಮ್ ಟ್ರಿಮ್‌ಪಾಟ್ ಹಾಕಿದೆ. ಮೀಟರ್ ಹಿಡಿದು ತಿರುಗಿಸಿದರೆ 5, 6 ಕಿಲೋಓಮಿನ ಹತ್ತಿರ ಸರಿಹೋಗುತ್ತದೆ. ಆಮೇಲೆ ಮೀಟರ್ ಪಕ್ಕಕ್ಕಿಟ್ಟು ಕಿವಿಯಿಂದ ಹೊಂದಿಸಿ. ನಡುವಿನಿಂದ ದೂರ ಸರಿದಷ್ಟೂ ಸ್ವರದ ಬಾಲ ಪರಪರ ಹರಿದು ಥಟ್ಟನೆ ನಿಲ್ಲುತ್ತದೆ. ಕೆಲವರಿಗೆ ಅದೇ ಬೇಕು, ಅಲ್ವಾ? ಅವರಿಗೂ ಟ್ರಿಮ್‌ಪಾಟೇ ದಾರಿ.

ಎರಡನೆಯದು ಇನ್‌ಪುಟ್ ಕೆಪಾಸಿಟರ್. ಮೂಲದಲ್ಲಿ 2.2 ಮೈಕ್ರೋಫ್ಯಾರಡ್. ಇದು ಇರುವ ಬಾಸನ್ನೆಲ್ಲ ಒಳಗೆ ಬಿಡುತ್ತದೆ. ಹಂಬಕರ್ (ಜೋಡಿ ಸುರುಳಿಯ ಪಿಕಪ್) ಇರುವ ಗಿಟಾರಿನಲ್ಲಿ ಕತ್ತಿನ ಕಡೆಯ ನೆಕ್ ಪಿಕಪ್ ಹಾಕಿದರೆ ಪೂರಾ ಕೆಸರು. ನಾನು 0.22ಕ್ಕೆ ಇಳಿಸಿದೆ, ದಪ್ಪ ತಂತಿಗಳೂ ಬಿಡಿಬಿಡಿಯಾಗಿ ಕೇಳತೊಡಗಿದವು. 0.1 ನನಗೆ ಸ್ವಲ್ಪ ಸಣಕಲು ಅನಿಸಿತು. ಬಾಸ್ ಗಿಟಾರ್ ನುಡಿಸುವವರು 2.2 ಅನ್ನೇ ಇಟ್ಟುಕೊಳ್ಳಲಿ.

ಸಿಲಿಕಾನ್ ಫಜ್ ಫೇಸ್ ಮೇಲಿನ ಇನ್ನೊಂದು ದೂರು ಸದ್ದು ಕಮ್ಮಿ ಅನ್ನುವುದು. ವಾಲ್ಯೂಮ್ ಪೂರ್ತಿ ಇಟ್ಟರೂ ಪೆಡಲ್ ಆಫ್ ಇದ್ದಾಗಿನಷ್ಟೇ ಜೋರು. ಔಟ್‌ಪುಟ್ ತೆಗೆಯುವುದು ಒಂದು ಚಿಕ್ಕ ರೆಸಿಸ್ಟರಿನ ಮೇಲಿಂದ, ಜರ್ಮೇನಿಯಂ ನಕ್ಷೆಯಲ್ಲಿ 470 ಓಮ್, ಸಿಲಿಕಾನಿನದರಲ್ಲಿ 330. ಅದನ್ನು 1 ಕಿಲೋಓಮ್ ಮಾಡಿದರೆ ಡ್ರಮ್ಮಿನ ಮುಂದೆ ಹೆದರದೆ ನಿಲ್ಲಬಹುದು. ಬದಲಿಸಿದ ಮೇಲೆ ಬಯಾಸ್ ಇನ್ನೊಮ್ಮೆ ನೋಡಿಕೊಳ್ಳಿ.

ರೇಡಿಯೋ ಕೇಳಿಸುವುದು ಸಿಲಿಕಾನ್ ಫಜ್‌ನ ಹಳೆಯ ಚಾಳಿ. ಸ್ವರ ನಿಂತ ಕೂಡಲೇ ಯಾರೋ ಭಾಷಣ ಶುರುಮಾಡುತ್ತಾರೆ. ಟ್ರಾನ್ಸಿಸ್ಟರಿನ ಕಲೆಕ್ಟರಿಗೂ ಬೇಸಿಗೂ ನಡುವೆ 47 ಅಥವಾ 100 ಪಿಕೋಫ್ಯಾರಡಿನ ಕೆಪಾಸಿಟರ್ ಇಟ್ಟರೆ ಬಹುಪಾಲು ಬಾಯಿ ಮುಚ್ಚುತ್ತದೆ. ಜಾಸ್ತಿ ಹಾಕಿದರೆ ನಿಮ್ಮ ಗಿಟಾರಿನ ಹೊಳಪೂ ಮುಚ್ಚಿಹೋಗುತ್ತದೆ. ಲೋಹದ ಡಬ್ಬಿ ಬೇಕೇ ಬೇಕು, ಅದನ್ನು ಗ್ರೌಂಡಿಗೆ ಸೇರಿಸಲೂಬೇಕು. ಸ್ವಿಚ್ ಒತ್ತಿದಾಗ ಟಪ್ ಅನ್ನದಿರಲು ಇನ್‌ಪುಟ್ಟಿನಿಂದ ಗ್ರೌಂಡಿಗೆ 1 ಮೆಗಾಓಮ್ ಸಾಕು.

ಬ್ಯಾಟರಿ ಬಗ್ಗೆ ಚಿಂತೆ ಬೇಡ. ಈ ಸರ್ಕ್ಯೂಟ್ ಕುಡಿಯುವುದು 1 ಮಿಲಿಆಂಪಿನ ಆಸುಪಾಸು. ನಾವು ಅಂದಕ್ಕೆ ಹಾಕುವ ಎಲ್‌ಇಡಿಯೇ ಅದಕ್ಕಿಂತ ಜಾಸ್ತಿ ಕುಡಿಯುತ್ತದೆ! ನುಡಿಸಿ ಆದ ಮೇಲೆ ಇನ್‌ಪುಟ್ಟಿನಿಂದ ವೈರ್ ಕಿತ್ತಿಡುವ ಅಭ್ಯಾಸವಿದ್ದರೆ ಒಂದು ಬ್ಯಾಟರಿ ತುಂಬಾ ದಿನ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಹೋಗದ ದೋಷಗಳಿವೆ. ಗಿಟಾರಿಗೂ ಇದಕ್ಕೂ ನಡುವೆ ಬಫರ್ (ಗಿಟಾರನ್ನು ಮುಂದಿನ ಸರ್ಕ್ಯೂಟಿನಿಂದ ಬೇರ್ಪಡಿಸುವ ಭಾಗ) ಇರುವ ಟ್ಯೂನರ್ ಇಟ್ಟರೆ ಸದ್ದು ಚುಚ್ಚುತ್ತದೆ, ನಾಬ್ ಇಳಿಸಿದಾಗ ತಿಳಿಯಾಗುವ ಗುಣವೂ ಮಾಯ. ಅದೇ ಜಾಗದಲ್ಲಿ ವಾಹ್ ಪೆಡಲ್ ಇಟ್ಟರೆ ಕೆಲವೊಮ್ಮೆ ಶಿಳ್ಳೆ. ಇನ್‌ಪುಟ್ಟಿಗೆ ಸಾಲಾಗಿ 50 ಕಿಲೋಓಮ್ ಪಾಟ್ ಸೇರಿಸಿದರೆ ಚುಚ್ಚುವುದು ತಗ್ಗುತ್ತದೆ, ಆದರೆ ಪಿಕಪ್ಪಿಗೆ ನೇರ ಸಿಕ್ಕಿಸಿದ ಸುಖ ಬರುವುದಿಲ್ಲ. ವೈರ್‌ಲೆಸ್ ಬಳಸುವವರಿಗೆ ನಾನು ಈ ಸರ್ಕ್ಯೂಟ್ ಹೇಳುವುದೇ ಇಲ್ಲ, ಅದರ ರಿಸೀವರಿನ ಔಟ್‌ಪುಟ್ ಕೂಡ ಬಫರಿನ ಹಾಗೆಯೇ.

ಇನ್ನು ಸದ್ದು ಎಷ್ಟು ಒಡೆಯಬೇಕು ಅಂತ ಹೊಂದಿಸುವ ಫಜ್ ನಾಬ್. ಅದರ ಆಟವೆಲ್ಲ ತಿರುಗಣೆಯ ಕೊನೆಯ ತುಂಡಿನಲ್ಲಿದೆ, ಅದಕ್ಕೂ ಮೊದಲಿನದು ಸುಮ್ನೆ ಜಾಗ ದಂಡ. ನಾನಂತೂ ಪೂರ್ತಿ ಏರಿಸಿಯೇ ಇಟ್ಟಿರುತ್ತೇನೆ. ಇನ್ನೊಂದು ಕಟ್ಟುವಾಗ ಅಲ್ಲಿಗೆ ಆ ಕೊನೆಯ ತುಂಡನ್ನು ಹಿಗ್ಗಿಸುವ 1 ಕಿಲೋಓಮಿನ ರಿವರ್ಸ್ ಲಾಗ್ ಪಾಟ್ ಹಾಕುತ್ತೇನೆ, ಬಯಾಸ್ ಟ್ರಿಮ್‌ಪಾಟನ್ನು ಡಬ್ಬಿಯ ಒಳಗಿನಿಂದ ಹೊರಗೆ ತಂದು ಮೂರನೇ ನಾಬ್ ಮಾಡುತ್ತೇನೆ.