ಬೆಕ್ಕಿಗೆ ಇನ್ಸುಲಿನ್ ಚುಚ್ಚುವ ಮುಂಚೆ ಸಿರಿಂಜಿನ ಮುಚ್ಚಳದ ಬಣ್ಣ ನೋಡಿ

ಮನೆಯಲ್ಲಿ ಸಕ್ಕರೆ ಕಾಯಿಲೆಯ ಬೆಕ್ಕು ಇರುವವರು, ಡಾಕ್ಟರ್ ಇನ್ನೇನು ಇನ್ಸುಲಿನ್ ಶುರು ಮಾಡೋಣ ಎಂದಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಾರವಾರದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ತಪ್ಪು ಸಿರಿಂಜಿನಿಂದ ನಮ್ಮ ಬೆಕ್ಕು ಮಾಣಿ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ಅಂಗಡಿಯ ಹೆಸರು ಹೇಳುವುದಿಲ್ಲ. ಯಾವ ಊರಿನ ಯಾವ ಅಂಗಡಿಯಲ್ಲೂ ಇದು ಆಗಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮಾಣಿಗೆ ಹನ್ನೊಂದು ವರ್ಷ. ಗಂಡು ಬೆಕ್ಕು, ಆಪರೇಷನ್ ಆಗಿದೆ, ತೂಕ ಜಾಸ್ತಿ. ಚಿಕ್ಕವನಿದ್ದಾಗಿನಿಂದ ಎರಡು ಹೊತ್ತು ಅನ್ನ, ಮೀನು. ಇಂಥ ಬೆಕ್ಕುಗಳಲ್ಲೇ ಈ ಕಾಯಿಲೆ ಹೆಚ್ಚು ಎಂದು ಆಮೇಲೆ ಗೊತ್ತಾಯಿತು. ಬೇಸಿಗೆಯ ಕೊನೆಗೆ ನೀರು ಕುಡಿಯುವುದು ವಿಪರೀತವಾಯಿತು. ಬಚ್ಚಲಿನ ಬಕೆಟ್ಟಿಗೆ ಮುಂಗಾಲು ಕೊಟ್ಟು ನಿಂತು ಕುಡಿಯುತ್ತಲೇ ಇದ್ದ. ಉಚ್ಚೆಯೂ ಅಷ್ಟೇ. ಹೊಟ್ಟೆ ತುಂಬಾ ತಿಂದರೂ ಬೆನ್ನುಮೂಳೆ ಕೈಗೆ ಸಿಗತೊಡಗಿತು. ಆಮೇಲೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯಲು ಶುರು ಮಾಡಿದ. ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ಎಲ್ಲರೂ ಹೇಳಿದರು. ವಯಸ್ಸಲ್ಲ ಅದು. ಸಕ್ಕರೆ ತುಂಬಾ ದಿನ ಏರಿಯೇ ಇದ್ದರೆ ಬೆಕ್ಕಿನ ಕಾಲಿನ ನರ ಸೋತು ಹಾಗೆ ಆಗುತ್ತದೆ. ನಿಮ್ಮ ಬೆಕ್ಕು ಹಾಗೆ ನಡೆಯುತ್ತಿದ್ದರೆ ತಡ ಮಾಡಬೇಡಿ.

ನಮ್ಮ ಕಡೆ ಪಶು ಆಸ್ಪತ್ರೆ ಎಂದರೆ ಹೆಚ್ಚಾಗಿ ದನ, ಎಮ್ಮೆಗಳ ಕೆಲಸ. ಹಾಗಾಗಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದೆವು. ಮಾಣಿ ದಾರಿಯುದ್ದಕ್ಕೂ ಬುಟ್ಟಿಯಲ್ಲಿ ಕೂಗಿಕೊಂಡೇ ಬಂದ. ಅಲ್ಲಿ ನೋಡಿದಾಗ ಸಕ್ಕರೆ 400ರ ಮೇಲೆ. ಆರೋಗ್ಯವಾಗಿರುವ ಬೆಕ್ಕಿಗೆ ಸುಮಾರು 80ರಿಂದ 120 ಇರುತ್ತದೆ. ಆದರೂ ಡಾಕ್ಟರ್ ಆ ಒಂದು ಓದನ್ನು ನಂಬಲಿಲ್ಲ. ಬೆಕ್ಕು ಹೆದರಿದರೆ ಸಾಕು, ಕಾಯಿಲೆ ಇಲ್ಲದಿದ್ದರೂ 300 ದಾಟಬಹುದಂತೆ. ಉಚ್ಚೆ ನೋಡಿದರು. ಫ್ರಕ್ಟೋಸಮೈನ್ ಎಂಬ ರಕ್ತ ಪರೀಕ್ಷೆ ಮಾಡಿಸಿದರು. ಅದು ಹಿಂದಿನ ಎರಡು ಮೂರು ವಾರದ ಸರಾಸರಿ ಹೇಳುತ್ತದೆ, ಆ ಹೊತ್ತಿನ ಹೆದರಿಕೆ ಅದರಲ್ಲಿ ಸೇರುವುದಿಲ್ಲ. ಅದೂ ಜಾಸ್ತಿ ಬಂದ ಮೇಲೆಯೇ ಗ್ಲಾರ್ಜಿನ್ ಇನ್ಸುಲಿನ್ ಬರೆದರು. ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್. ಸಕ್ಕರೆಯನ್ನು ಮನೆಯಲ್ಲೇ ನೋಡಿ ಬರೆದಿಡಿ, ಇಲ್ಲಿಗೆ ತಂದು ನೋಡಿದ್ದು ಲೆಕ್ಕಕ್ಕಿಲ್ಲ ಎಂದರು. ಆ ಮಾತೇ ಮಾಣಿಯನ್ನು ಉಳಿಸಿತು.

ಚೀಟಿಯಲ್ಲಿ ಸಿರಿಂಜ್ ಬಗ್ಗೆ ಸ್ಪಷ್ಟವಾಗಿ ಬರೆದಿದ್ದರು: ಯು-100, 0.3 ಎಂಎಲ್. ಇಲ್ಲಿ ಮೆಡಿಕಲ್‌ನಲ್ಲಿ ಚೀಟಿ ಕೊಟ್ಟೆ. ಅವರು ಗ್ಲಾರ್ಜಿನ್ ಬಾಟಲಿ ಜೊತೆ ಕೆಂಪು ಮುಚ್ಚಳದ ಸಿರಿಂಜ್ ಇಟ್ಟರು. ನಮ್ಮ ಅತ್ತೆಗೂ ಸಕ್ಕರೆ ಕಾಯಿಲೆ. ಅವರಿಗೆ ನಾವು ಒಯ್ಯುವುದೂ ಕೆಂಪು ಮುಚ್ಚಳದ್ದೇ. ಚೀಟಿಯಲ್ಲಿ ಯು-100 ಅಂತ ಇದೆಯಲ್ಲ, ಇದರ ಮೇಲೆ 40 ಅಂತಿದೆ ಎಂದು ಕೇಳಿದೆ.

"ಎಲ್ಲಾ ಒಂದೇ ಅಕ್ಕಾ. ಇನ್ಸುಲಿನ್ ಸಿರಿಂಜ್ ಅಂದ್ರೆ ಇದೇ. ನಿಮ್ಮ ಮನೆಗೆ ಯಾವಾಗ್ಲೂ ಇದೇ ಅಲ್ವಾ ಕೊಡೋದು?"

ಒಂದೇ ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಎರಡು ಗಟ್ಟಿತನದಲ್ಲಿ ಸಿಗುತ್ತದೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದು ಯು-40. ಮನುಷ್ಯರಿಗೆ ಕೊಡುವ ಹಳೆಯ ಬಗೆಯ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಇವೇ. ಒಂದು ಎಂಎಲ್‌ಗೆ 100 ಯೂನಿಟ್ ಇರುವುದು ಯು-100. ಗ್ಲಾರ್ಜಿನ್ ಬಾಟಲಿ ಈ ಬಗೆಯದು. ಎರಡಕ್ಕೂ ಸಿರಿಂಜ್ ಬೇರೆ. ಯು-40ಗೆ ಕೆಂಪು ಮುಚ್ಚಳ, ಯು-100ಗೆ ಕಿತ್ತಳೆ ಮುಚ್ಚಳ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೆಂಪು, ಕಿತ್ತಳೆ ಎರಡೂ ಹತ್ತಿರ ಹತ್ತಿರ ಕಾಣುತ್ತವೆ. ಹಾಗಾಗಿ ಬಣ್ಣದ ಜೊತೆ ಕೊಳವೆಯ ಮೇಲೆ ಅಚ್ಚಾದ ಸಂಖ್ಯೆಯನ್ನೂ ಓದಿ.

ಕೆಂಪು ಸಿರಿಂಜಿನಲ್ಲಿ ಒಂದು ಯೂನಿಟ್ ಗೆರೆ ಎಂದರೆ 0.025 ಎಂಎಲ್. ಅಷ್ಟೇ ಜಾಗದಲ್ಲಿ ಯು-100 ಇನ್ಸುಲಿನ್ ತುಂಬಿದರೆ ಎರಡೂವರೆ ಯೂನಿಟ್ ಹೋಗುತ್ತದೆ. ಕಣ್ಣಿಗೆ ಒಂದೇ ಗೆರೆ, ಮೈಗೆ ಎರಡೂವರೆ ಪಟ್ಟು. ಐದು ಕೆಜಿಯ ಪ್ರಾಣಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಶುರುವಾಗಿ ಒಂದು ವಾರ ತುಂಬಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಊಟ ಹಾಕಿ ಚುಚ್ಚಿದ್ದೆ. ಮಧ್ಯಾಹ್ನ ಬಂಗಡೆ ಹುರಿಯುತ್ತಿದ್ದರೂ ಮಾಣಿ ಅಡುಗೆಮನೆಗೆ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು ಮಲಗಿದ್ದ. ಎಳೆದು ನಿಲ್ಲಿಸಿದರೆ ಸೊಂಟ ಒಂದು ಕಡೆ ವಾಲಿತು. ಕಣ್ಣಿನ ಪಾಪೆ ಪೂರ್ತಿ ಅಗಲವಾಗಿ ಕಣ್ಣೆಲ್ಲ ಕಪ್ಪು. ತಲೆ ಸಣ್ಣಗೆ ನಡುಗುತ್ತಿತ್ತು. ನಾವು ಯಾವತ್ತೂ ಕೇಳದ ಒಂದು ದನಿಯಲ್ಲಿ ಕೂಗಿದ. ಅತ್ತೆ ನೋಡಿದವರೇ, "ಶುಗರ್ ಇಳಿದದೆ. ನಂಗೂ ಹೀಗೇ ನಡುಕ ಬರ್ತದೆ. ಮಿಷನ್ ತಗೊಂಬಾ ಬೇಗ" ಎಂದರು.

ಕಿವಿ ತಣ್ಣಗಿತ್ತು. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಅಂಚಿಗೆ ಚುಚ್ಚಿದೆ. ಮೀಟರ್ 41 ತೋರಿಸಿತು.

ಜೋನಿಬೆಲ್ಲದ ಡಬ್ಬಿ ಎದುರಿಗೇ ಇತ್ತು. ಫೋನಿನಲ್ಲಿದ್ದ ಡಾಕ್ಟರ್ ಅದು ಬೇಡ, ಜೇನುತುಪ್ಪ ಅಥವಾ ಗ್ಲೂಕೋಸ್ ನೀರು ಹಚ್ಚಿ ಎಂದರು. ಬೆಲ್ಲದ ಸಕ್ಕರೆಯಲ್ಲಿ ಹೆಚ್ಚಿನದು ಕರುಳಿನಲ್ಲಿ ಒಡೆದ ಮೇಲೆ ರಕ್ತಕ್ಕೆ ಸೇರಬೇಕು. ಜೇನಿನಲ್ಲಿ ಗ್ಲೂಕೋಸ್ ಮೊದಲೇ ಇರುತ್ತದೆ. ಪುಣ್ಯಕ್ಕೆ ಶಿರಸಿಯಿಂದ ತಂದ ಜೇನು ಮನೆಯಲ್ಲಿತ್ತು. ಬೆರಳಿಗೆ ಹಚ್ಚಿಕೊಂಡು ಒಸಡಿಗೆ, ಕೆನ್ನೆಯ ಒಳಗೆ ಉಜ್ಜಿದೆವು. ಬಾಯಿಗೆ ನೀರಿನಂತೆ ಸುರಿಯಬಾರದು. ನುಂಗುವ ಶಕ್ತಿ ಇಲ್ಲದ ಬೆಕ್ಕಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿಟ್ಸ್ ಬಂದಿದ್ದರೆ ಬೆರಳನ್ನೂ ಹಲ್ಲುಗಳ ನಡುವೆ ಹಾಕಬೇಡಿ, ಕಚ್ಚಿದರೆ ಬಿಡಿಸಿಕೊಳ್ಳುವುದು ಕಷ್ಟ. ಒಸಡಿನ ಹೊರಗಡೆ ಮಾತ್ರ ಹಚ್ಚಿ, ತಕ್ಷಣ ಹತ್ತಿರದ ಡಾಕ್ಟರ್ ಹತ್ತಿರ ಓಡಿ.

ಸ್ವಲ್ಪ ಹೊತ್ತಿಗೆ ಓದು 70 ದಾಟಿತು. ಮಾಣಿ ತಲೆ ಎತ್ತಿ ಮೀನು ತಿಂದ. ಅತ್ತೆ ದೇವರಿಗೆ ಕೈ ಮುಗಿದರು. ಆದರೆ ಮುಗಿದಿರಲಿಲ್ಲ. ಗ್ಲಾರ್ಜಿನ್ ತುಂಬಾ ಹೊತ್ತು ಕೆಲಸ ಮಾಡುವ ಇನ್ಸುಲಿನ್. ಜೇನಿನ ಸಕ್ಕರೆ ಬೇಗ ಖಾಲಿಯಾಗುತ್ತದೆ, ಇನ್ಸುಲಿನ್ ಒಳಗೆ ಇನ್ನೂ ಇರುತ್ತದೆ. ಮುಕ್ಕಾಲು ಗಂಟೆಯಲ್ಲಿ ಮತ್ತೆ 50ಕ್ಕೆ ಬಂತು. ಮತ್ತೆ ಜೇನು, ಮತ್ತೆ ಊಟ. ಕತ್ತಲಾಗುವವರೆಗೂ ಹೀಗೇ ನಡೆಯಿತು. ಒಂದು ಸಲ ಏರಿತು ಎಂದು ಮೀಟರ್ ಎತ್ತಿಟ್ಟು ನಾವೂ ಊಟಕ್ಕೆ ಕೂತಿದ್ದರೆ ಮಾಣಿ ಇರುತ್ತಿರಲಿಲ್ಲ. ಹಾಗೆಯೇ, ಆ ಸಂಜೆಯ ಇಂಜೆಕ್ಷನ್ ಡಾಕ್ಟರ್ ನಿಲ್ಲಿಸಿದರು. ಮರುದಿನ ಸಕ್ಕರೆ ಜಾಸ್ತಿ ತೋರಿಸಬಹುದು, ತೀರಾ ಇಳಿದಾಗ ಮೈಯೇ ಸಕ್ಕರೆ ಹೊರಬಿಡುತ್ತದೆ, ಅದನ್ನು ನೋಡಿ ಡೋಸ್ ಏರಿಸಬೇಡಿ ಎಂದೂ ಹೇಳಿದರು.

ವಿಡಿಯೋ ಕಾಲ್‌ನಲ್ಲಿ ಅವರು ಕೇಳಿದ ಮೊದಲ ವಿಷಯ, "ಸಿರಿಂಜ್ ತೋರಿಸಿ." ಕೆಂಪು ಮುಚ್ಚಳ ಕಂಡ ಕೂಡಲೇ ಅವರಿಗೆ ಅರ್ಥವಾಯಿತು.

ಮರುದಿನ ನಾನು, ನಮ್ಮೆಜಮಾನರು ಇಬ್ಬರೂ ಅಂಗಡಿಗೆ ಹೋದೆವು. ಬಾಟಲಿ, ಸಿರಿಂಜ್, ಚೀಟಿ ಮೂರನ್ನೂ ಮೇಜಿನ ಮೇಲಿಟ್ಟೆವು. ಅಂಗಡಿಯವರು ನೋಡಿ ಹೇಳಿದ್ದು ಇಷ್ಟು: "ಬೆಕ್ಕಿಗಲ್ವಾ. ಮನುಷ್ಯರಿಗಾಗಿದ್ರೆ ನೋಡಿ ಕೊಡ್ತಿದ್ವಿ." ನನಗೆ ಇವತ್ತಿಗೂ ಆ ಮಾತು ಸಹಿಸಲು ಆಗುವುದಿಲ್ಲ. ಬೆಕ್ಕಿನ ಜೀವ ಜೀವವಲ್ಲವೇ? ಮತ್ತೆ, ಮನುಷ್ಯರಿಗೂ ಇದೇ ತಪ್ಪು ಆಗುತ್ತದೆ. ಎಷ್ಟೋ ಹಿರಿಯರನ್ನು ಹಳೆಯ ಇನ್ಸುಲಿನ್‌ನಿಂದ ಗ್ಲಾರ್ಜಿನ್‌ಗೆ ಬದಲಾಯಿಸುತ್ತಾರೆ. ಮನೆಯಲ್ಲಿ ಉಳಿದ ಕೆಂಪು ಸಿರಿಂಜಿನಲ್ಲೇ ಹತ್ತು ಯೂನಿಟ್ ತೆಗೆದರೆ ಇಪ್ಪತ್ತೈದು ಹೋಗುತ್ತದೆ. ಒಂಟಿಯಾಗಿರುವ ಅಜ್ಜ ಅಜ್ಜಿಯರು ನಿಮ್ಮ ಓಣಿಯಲ್ಲಿದ್ದರೆ ಅವರ ಸಿರಿಂಜನ್ನೂ ಒಮ್ಮೆ ನೋಡಿ.

ತಪ್ಪು ಉಲ್ಟಾ ಆದರೂ ಅಪಾಯವೇ. ಯು-40 ಇನ್ಸುಲಿನ್‌ಗೆ ಕಿತ್ತಳೆ ಸಿರಿಂಜ್ ಬಳಸಿದರೆ ಅರ್ಧಕ್ಕಿಂತ ಕಡಿಮೆ ಔಷಧ ಹೋಗುತ್ತದೆ. ಸಕ್ಕರೆ ಇಳಿಯುವುದಿಲ್ಲ, ಡಾಕ್ಟರ್ ಡೋಸ್ ಏರಿಸುತ್ತಾ ಹೋಗುತ್ತಾರೆ. ಒಂದು ದಿನ ಯಾರೋ ಸರಿಯಾದ ಸಿರಿಂಜ್ ಕೊಟ್ಟಾಗ ಅಷ್ಟೂ ಒಮ್ಮೆಲೇ ಮೈಗೆ ಸೇರುತ್ತದೆ. ಬೆಕ್ಕು, ನಾಯಿಗಳಿಗೆಂದೇ ಬರುವ ಕ್ಯಾನಿನ್ಸುಲಿನ್ ಯು-40. ಹಾಗಾಗಿ "ಬೆಕ್ಕಿಗೆ ಕಿತ್ತಳೆ" ಎಂದು ಬಾಯಿಪಾಠ ಮಾಡಿಕೊಳ್ಳಬೇಡಿ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇ ಇರಬೇಕು, ಅಷ್ಟೇ. ಇನ್ನೊಂದು, 1 ಎಂಎಲ್‌ನ ಯು-100 ಸಿರಿಂಜಿನಲ್ಲಿ ಸಾಮಾನ್ಯವಾಗಿ ಎರಡು ಯೂನಿಟ್‌ಗೊಂದು ಗೆರೆ ಇರುತ್ತದೆ. ಬೆಕ್ಕಿನ ಒಂದು ಯೂನಿಟ್ ಅದರಲ್ಲಿ ಅಂದಾಜು ಮಾಡಬೇಕಾಗುತ್ತದೆ. 0.3 ಎಂಎಲ್‌ನದ್ದೇ ಕೇಳಿ.

ಈಗ ಮೀಟರ್ ವಿಷಯ. ಬೆಕ್ಕಿಗೆ ನೋವಾಗುತ್ತದೆ ಎಂದು ಎಷ್ಟೋ ಜನ ಮನೆಯಲ್ಲಿ ನೋಡುವುದೇ ಇಲ್ಲ. ಕಿವಿಯ ಅಂಚಿನಲ್ಲಿ ಓಡುವ ಸಣ್ಣ ರಕ್ತನಾಳದ ಪಕ್ಕ ಚುಚ್ಚಿದರೆ ಬೆಕ್ಕಿಗೆ ಅಷ್ಟೇನೂ ತಿಳಿಯುವುದಿಲ್ಲ. ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮೊದಲು ಕಿವಿಗೆ ಹಿಡಿಯಿರಿ, ರಕ್ತ ಬರುತ್ತದೆ. ಚುಚ್ಚುವ ಜಾಗಕ್ಕೆ ತೆಳ್ಳಗೆ ವ್ಯಾಸಲಿನ್ ಸವರಿದರೆ ರಕ್ತ ಕೂದಲಲ್ಲಿ ಹರಡದೆ ದುಂಡಗೆ ನಿಲ್ಲುತ್ತದೆ. ಕಿವಿಯ ಹಿಂದೆ ಮಡಚಿದ ಹತ್ತಿ ಇಟ್ಟುಕೊಳ್ಳಿ, ನಿಮ್ಮ ಬೆರಳಿಗೆ ಸೂಜಿ ತಾಗುವುದಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕ ಹನಿ ಸಾಕು. ಆಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು ಏನಾದರೂ ತಿನ್ನಲು ಕೊಡಿ. ಈಗ ಮಾಣಿ ಮೀಟರಿನ ಚೀಲದ ಜಿಪ್ ಸದ್ದು ಕೇಳಿದರೆ ತಾನೇ ಬಂದು ಕೂರುತ್ತಾನೆ.

ನಾವು ಬಳಸುವುದು ಅತ್ತೆಯ ಮೀಟರ್. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಲ್ಯಾಬಿಗಿಂತ ಕಡಿಮೆ ತೋರಿಸುತ್ತದೆ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಬಹುತೇಕ ಪ್ಲಾಸ್ಮಾದಲ್ಲೇ ಇರುತ್ತದೆ, ಮನುಷ್ಯರಲ್ಲಿ ಕೆಂಪು ಕಣಗಳಲ್ಲೂ ಸಾಕಷ್ಟು ಇರುತ್ತದೆ, ಅದಕ್ಕೆ ಈ ವ್ಯತ್ಯಾಸ. ಪ್ರಾಣಿಗಳಿಗೆಂದೇ ಮಾಡಿದ ಮೀಟರ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಮನುಷ್ಯರದ್ದೇ ಸಾಕು, ಆದರೆ ಯಾವಾಗಲೂ ಅದೊಂದನ್ನೇ ಬಳಸಿ, ಯಾವ ಮೀಟರ್ ಎಂದು ಡಾಕ್ಟರ್‌ಗೆ ಹೇಳಿ. 41 ತೋರಿಸಿದಾಗ ನಿಜವಾದದ್ದು ಸ್ವಲ್ಪ ಜಾಸ್ತಿ ಇದ್ದಿರಬಹುದು ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಮೈ ನಡುಗುತ್ತಿದ್ದರೆ ಮೊದಲು ಜೇನು.

ಕರಾವಳಿಯವರಿಗೆ ಸ್ಟ್ರಿಪ್, ಅಂದರೆ ಮೀಟರಿಗೆ ಸಿಕ್ಕಿಸಿ ರಕ್ತದ ಹನಿ ತಾಗಿಸುವ ಪಟ್ಟಿ, ಅದರ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಸ್ಟ್ರಿಪ್‌ಗೆ ತೇವ ತಾಗಿದರೆ ಓದು ತಪ್ಪುತ್ತದೆ. ಬಿಡಿ ಸ್ಟ್ರಿಪ್ ಕೊಟ್ಟರೆ ತಗೊಳ್ಳಬೇಡಿ, ಸೀಲ್ ಒಡೆಯದ ಡಬ್ಬಿಯೇ ಬೇಕು. ಒಂದು ತೆಗೆದ ಕೂಡಲೇ ಮುಚ್ಚಳ ಹಾಕಿ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಬೆವರುತ್ತದೆ. ಫ್ರಿಜ್ಜು ಇನ್ಸುಲಿನ್‌ಗೆ. ಅದೂ ಬಾಗಿಲಿನ ಕಡೆ, ಫ್ರೀಜರ್ ಹತ್ತಿರ ಅಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಗ್ಲಾರ್ಜಿನ್ ನೀರಿನ ಹಾಗೆ ತಿಳಿಯಾಗಿರಬೇಕು, ಮಬ್ಬಾದರೆ ಅದನ್ನೂ ಎಸೆಯಿರಿ.

ಈಗ ಪ್ರತಿ ಇಂಜೆಕ್ಷನ್ ಮುಂಚೆ ನೋಡುತ್ತೇವೆ. 200ರ ಕೆಳಗಿದ್ದರೆ ಚುಚ್ಚದೆ ಫೋನ್ ಮಾಡಿ ಎಂದು ನಮ್ಮ ಡಾಕ್ಟರ್ ಹೇಳಿದ್ದಾರೆ. ನಿಮ್ಮ ಬೆಕ್ಕಿಗೆ ಎಷ್ಟು ಎಂದು ನಿಮ್ಮ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಿ. ಅನ್ನ ಬಿಡಿಸುವಾಗಲೂ ಅವರನ್ನು ಕೇಳಿಯೇ ಬಿಡಿಸಿ. ಅನ್ನ ಕಡಿಮೆಯಾದರೆ ಇನ್ಸುಲಿನ್ ಕೂಡ ಕಡಿಮೆ ಸಾಕಾಗುತ್ತದೆ, ಹಳೆಯ ಡೋಸನ್ನೇ ಮುಂದುವರಿಸಿದರೆ ಮತ್ತೆ ಸಕ್ಕರೆ ಇಳಿಯುತ್ತದೆ. ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವೇ ಬೇಡ ಎನ್ನುವಷ್ಟು ವಾಸಿಯಾಗುವುದೂ ಉಂಟು. ಮನೆಯಲ್ಲಿ ನೋಡದಿದ್ದರೆ ಅದು ಗೊತ್ತಾಗುವುದು ಬೆಕ್ಕು ಬಿದ್ದಾಗಲೇ.

ನಿಮ್ಮೂರಿನಲ್ಲಿ ಸರಿಯಾದ ಸಿರಿಂಜ್ ಸಿಗದಿದ್ದರೆ ಸಿಕ್ಕಿದ್ದನ್ನು ಹಿಡಿದುಕೊಂಡು ಮನೆಗೆ ಬರಬೇಡಿ. ಅಂಗಡಿಯಲ್ಲೇ ನಿಂತು ಡಾಕ್ಟರ್‌ಗೆ ಫೋನ್ ಮಾಡಿ, ಬಾಟಲಿ ಮತ್ತು ಸಿರಿಂಜ್ ಎರಡರ ಫೋಟೋ ಕಳಿಸಿ, ಅವರು ಸರಿ ಅಂದ ಮೇಲೆ ದುಡ್ಡು ಕೊಡಿ.