ಹುಲ್ಲುಹಾಸಿನ ಉಳಿದ ತುಂಡನ್ನು ಯಾರ ಕೈಗೂ ಕೊಟ್ಟು ಕಳಿಸಬೇಡಿ

ಮನೆಯಂಗಳಕ್ಕೆ ಕೃತಕ ಹುಲ್ಲು ಹಾಸಿಕೊಂಡಿರುವ ಬೆಂಗಳೂರಿನವರು ಯಾರಾದರೂ ಅದರ ರಿಪೇರಿಗೆ ಜನ ಹುಡುಕುತ್ತಿದ್ದರೆ, ದಯವಿಟ್ಟು ಇದನ್ನು ಓದಿದ ಮೇಲೆ ಫೋನ್ ಮಾಡಿ. ಮೂವತ್ತನಾಲ್ಕು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿದವನು ನಾನು. ಅಂಥವನೇ ಮೂರು ಚದರ ಅಡಿ ತೇಪೆಯ ಕೆಲಸಕ್ಕೆ 7,800 ರೂಪಾಯಿ ತೆತ್ತು, ಸಾಲದ್ದಕ್ಕೆ ನನ್ನದೇ ಒಳ್ಳೆಯ ಮಾಲನ್ನು ಅವರ ಗಾಡಿಗೆ ನಾನೇ ಹೊತ್ತು ಹಾಕಿ ಕಳಿಸಿದೆ. ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಮನುಷ್ಯ ಇವತ್ತಿಗೂ ಇದೇ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದಾನೆ.

ನಮ್ಮದು ರಾಜರಾಜೇಶ್ವರಿನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ. ಮುಂದೆ ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದದ ಜಾಗಕ್ಕೆ 2021ರಲ್ಲಿ ಅಡಿಗೆ 75 ರೂಪಾಯಿಯಂತೆ ಮೂವತ್ತೈದು ಮಿಲಿಮೀಟರ್ ಎತ್ತರದ ಎಸಳಿನ ಹುಲ್ಲು ಹಾಸಿಸಿದ್ದೆವು. ಒಟ್ಟು 13,500 ರೂಪಾಯಿ. ಹಾಸಿದವರು ಅಳತೆ ತಪ್ಪಿ ಹೆಚ್ಚು ತಂದಿದ್ದರಿಂದ ಆರೂವರೆ ಅಡಿ ಅಗಲ, ಆರು ಅಡಿ ಉದ್ದದ ಒಂದು ತುಂಡು ಉಳಿದಿತ್ತು. ಅದಕ್ಕೂ ದುಡ್ಡು ಕೊಟ್ಟು, ಸುರುಳಿ ಸುತ್ತಿ, ಹಳೆಯ ಸೀರೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆವು. ಈ ತುಂಡಿನ ವಿಚಾರ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅದರದ್ದೇ.

2024ರ ದೀಪಾವಳಿಯ ರಾತ್ರಿ ಮೊಮ್ಮಗ ಅಂಚಿನಲ್ಲಿ ಟೈಲ್ಸ್ ಇಟ್ಟು ಅದರ ಮೇಲೇ ಹೂಕುಂಡ ಹಚ್ಚಿದ್ದ. ಅದು ಅರ್ಧದಲ್ಲಿ ಪಕ್ಕಕ್ಕೆ ಉರುಳಿ ಹುಲ್ಲಿನ ಮೇಲೆ ಕಿಡಿ ಕಾರಿತು. ಬೆಳಿಗ್ಗೆ ನೋಡಿದರೆ ಅಂಗೈಯಗಲದ ಮೂರು ಕಡೆ ಎಸಳುಗಳೆಲ್ಲ ಕರಗಿ, ತಳ ಹಿಡಿದ ಪಾತ್ರೆಯ ಹಾಗೆ ಕಪ್ಪುಹಸಿರು ಹಕ್ಕಳೆ ಕಟ್ಟಿತ್ತು. ಈ ಎಸಳು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕು. ಸುಮಾರು 110ರಿಂದ 130 ಡಿಗ್ರಿ ಶಾಖಕ್ಕೇ ಕರಗುತ್ತದೆ, ಪಟಾಕಿಯ ಕಿಡಿಯ ಮುಂದೆ ಅದು ಯಾವ ಲೆಕ್ಕ? ಕರಗಿದ್ದನ್ನು ಬಾಚಿ ಎಬ್ಬಿಸಲು ಆಗುವುದಿಲ್ಲ, ಕತ್ತರಿಸಿ ತೆಗೆದು ತೇಪೆ ಹಾಕುವುದೊಂದೇ ದಾರಿ. ಇದರ ಜೊತೆಗೆ ನಡುವಿನ ಜಾಯಿಂಟ್ ಮೂರಡಿಯಷ್ಟು ಬಾಯಿ ಬಿಟ್ಟಿತ್ತು.

ಮೊಬೈಲಿನಲ್ಲಿ ಹುಡುಕಿ ಸಿಕ್ಕಿದ ಸಂಖ್ಯೆಗೆ ಫೋಟೋ ಕಳಿಸಿದೆ. ಐದೇ ನಿಮಿಷದಲ್ಲಿ ಕರೆ ಬಂತು. "ಸರ್, ಇದೆಲ್ಲ ಸಣ್ಣ ಕೆಲ್ಸ, ಮೂರ್ನಾಲ್ಕು ಸಾವಿರದೊಳಗೆ ಮುಗಿಸಿಕೊಡ್ತೀನಿ, ಒಂದು ವರ್ಷ ವಾರಂಟಿ" ಎಂದ. ಮಾತು ಬಹಳ ನಯ. ಮನೆ ನೋಡಲು ಬಂದವನು ನನ್ನ ಹುಲ್ಲನ್ನು ಹೊಗಳಿದ್ದೇ ಹೊಗಳಿದ್ದು: "ಈಗ ಇಂಥ ಮಾಲ್ ಬರೋದೇ ಇಲ್ಲ ಸರ್." ಆಗ ನಾನು, ಯಾರೂ ಕೇಳದಿದ್ದರೂ, ಅಟ್ಟದ ಮೇಲೆ ಇದೇ ಹುಲ್ಲಿನ ತುಂಡಿದೆ ಎಂದು ಬಾಯಿ ಬಿಟ್ಟೆ. ಅವನ ಮುಖ ಅರಳಿದ್ದನ್ನು ಕೆಲಸದ ಮೇಲಿನ ಆಸಕ್ತಿ ಎಂದುಕೊಂಡೆ.

"ಸೂಪರ್ ಸರ್. ಗೋಡೌನಿಗೆ ತಗೊಂಡು ಹೋಗಿ ಮೆಷಿನ್ನಲ್ಲಿ ಕರೆಕ್ಟಾಗಿ ಪೀಸ್ ಕಟ್ ಮಾಡಿಸ್ಕೊಂಡು ಬರ್ತೀನಿ. ಕೈಯಲ್ಲಿ ಕತ್ತರಿಸಿದ್ರೆ ಅಂಚು ಕಾಣುತ್ತೆ."

ನನ್ನ ಹೆಂಡತಿ ಒಳಗಿನಿಂದಲೇ, "ರೀ, ಪೂರ್ತಿ ಸುರುಳಿ ಯಾಕೆ ಕೊಟ್ಟು ಕಳಿಸ್ತೀರಾ? ಬೇಕಾದಷ್ಟು ಇಲ್ಲೇ ಕತ್ತರಿಸಿಕೊಳ್ಳಲಿ" ಎಂದಳು. ಆ ಮಾತು ಅವನಿಗೂ ಕೇಳಿಸಿತು. ಹೊರಗಿನವರ ಮುಂದೆ ಹೀಗೆ ಅನುಮಾನದ ಮಾತಾಡಿದಳಲ್ಲ ಎಂದು ನನಗೇ ಸಂಕೋಚವಾಗಿ, ಏಣಿ ಹತ್ತಿ ಸುರುಳಿ ಇಳಿಸಿ, ನಾನೇ ಗಾಡಿಯವರೆಗೆ ಹೊತ್ತು ತಂದು ಕೊಟ್ಟೆ. ಮೂರು ಸಾವಿರ ಮುಂಗಡವನ್ನೂ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ. ಇದನ್ನು ಎಷ್ಟು ಸಲ ಹೇಳಿಕೊಂಡರೂ ಉರಿ ಕಡಿಮೆಯಾಗುತ್ತಿಲ್ಲ.

ನವೆಂಬರ್ 16ರ ಶನಿವಾರ ಇಬ್ಬರು ಹುಡುಗರೊಂದಿಗೆ ಬಂದ. ನಾನು ಬೆಳಿಗ್ಗೆ ಒಂದು ಮದುವೆಗೆ ಹೋಗಬೇಕಿತ್ತು. ಅದು ಅವನಿಗೆ ಮೊದಲೇ ಗೊತ್ತಿತ್ತು, ಏಕೆಂದರೆ ನಾನೇ ಹೇಳಿದ್ದೆ. ಮಧ್ಯಾಹ್ನ ಬರುವಷ್ಟರಲ್ಲಿ ಕೆಲಸ ಮುಗಿದು, ಹುಲ್ಲನ್ನೆಲ್ಲ ಬಾಚಿ, ಮೇಲೆ ಮರಳು ಎರಚಿ, ನೋಡುವುದಕ್ಕೆ ಹೊಸದರ ಹಾಗೆ ಮಾಡಿಟ್ಟಿದ್ದರು. ಗೇಟಿನ ಕಡೆಯಿಂದ ನೋಡಿದಾಗ ಮಾತ್ರ ಮೂರು ಚೌಕಗಳು ಸ್ವಲ್ಪ ಕಪ್ಪಾಗಿ ಕಂಡವು. ಕೇಳಿದ್ದಕ್ಕೆ, "ಹೊಸ ಪೀಸಲ್ವಾ ಸರ್, ಎರಡು ವಾರ ತುಳಿದಾಡಿದ್ರೆ ಸೆಟ್ ಆಗುತ್ತೆ" ಎಂದ. ಉಳಿದ ಹುಲ್ಲಿನ ಸುರುಳಿ ಎಲ್ಲಿ ಎಂದಿದ್ದಕ್ಕೆ, "ಕಟಿಂಗಲ್ಲಿ ಎಲ್ಲ ವೇಸ್ಟ್ ಆಯ್ತು ಸರ್" ಎಂದ. ಮೂವತ್ತೊಂಬತ್ತು ಚದರ ಅಡಿಯಲ್ಲಿ ಮೂರು ಅಡಿ ಬಳಸಿ ಮೂವತ್ತಾರು ಅಡಿ ವೇಸ್ಟ್! ಇಡೀ ಆಯುಷ್ಯ ಕೂಡಿಸಿ ಕಳೆಯುವುದರಲ್ಲೇ ಕಳೆದ ನನ್ನ ತಲೆಗೆ ಆ ಹೊತ್ತಿಗೆ ಈ ಕಳೆಯುವ ಲೆಕ್ಕ ಹೊಳೆಯಲಿಲ್ಲ. ಮದುವೆ ಊಟದ ಮಂಪರು ಎಂದು ಬೇಕಾದರೆ ಹೇಳಿಕೊಳ್ಳಬಹುದು.

ಒಂದು ಚೀಟಿಯ ಹಿಂದೆ ಬರೆದು ತೋರಿಸಿದ ಲೆಕ್ಕ ಹೀಗಿತ್ತು: ಬಂದು ನೋಡಿದ್ದಕ್ಕೆ 500, ತೇಪೆಗೆ ತಲಾ 1,200ರಂತೆ 3,600, ಜಾಯಿಂಟಿಗೆ ಅಡಿಗೆ 400ರಂತೆ 1,200, ಎಸಳು ನೆಟ್ಟಗೆ ನಿಲ್ಲಲೆಂದು ಬುಡಕ್ಕೆ ಹಾಕುವ ಸಿಲಿಕಾ ಮರಳು ಮೂರು ಚೀಲಕ್ಕೆ 1,500, ಮೆಷಿನ್ ಬ್ರಷಿಂಗಿಗೆ 1,000. ಮರಳನ್ನು ಯಾರು ಕೇಳಿದ್ದರು? ಬ್ರಷಿಂಗ್ ಮೆಷಿನ್ನನ್ನು ಮನೆಯವರು ಯಾರೂ ನೋಡಿಲ್ಲ. ಹುಡುಗರು ನಮ್ಮ ತೆಂಗಿನ ಪೊರಕೆಯನ್ನೇ ಇಸಿದುಕೊಂಡು ಗುಡಿಸಿದರೆಂದು ಹೆಂಡತಿ ಆಮೇಲೆ ಹೇಳಿದಳು. ಬಿಲ್ ಕೇಳಿದರೆ, "ಬಿಲ್ ಬೇಕಂದ್ರೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಮೇಲೆ ಬೀಳುತ್ತೆ ಸರ್, ನಿಮಗ್ಯಾಕೆ ಸುಮ್ಮನೆ" ಎಂಬ ಉತ್ತರ. ಉಳಿದ 4,800 ರೂಪಾಯಿಯನ್ನು ಫೋನಿನಲ್ಲೇ ಕಳಿಸಿದೆ. ಹಣ ಹೋದದ್ದು ಯಾವ ಅಂಗಡಿಯ ಹೆಸರಿಗೂ ಅಲ್ಲ, ಯಾರೋ ಹೆಂಗಸಿನ ಖಾತೆಗೆ. ಅದನ್ನೂ ನೋಡಿದೆ, ನೋಡಿಯೂ ಒತ್ತಿದೆ.

ಡಿಸೆಂಬರ್ 1 ಮತ್ತು 2ರಂದು ಫೆಂಗಲ್ ಚಂಡಮಾರುತದ ಮಳೆ ಊರಿಗೆಲ್ಲ ಸುರಿಯಿತಲ್ಲ, ಆಗ ನಿಜ ಹೊರಬಿತ್ತು. ಮೂರು ವರ್ಷದಲ್ಲಿ ಒಮ್ಮೆಯೂ ನೀರು ನಿಲ್ಲದಿದ್ದ ಅಂಗಳದಲ್ಲಿ ಬೆರಳು ಮುಳುಗುವಷ್ಟು ನೀರು ನಿಂತಿತು, ಅದೂ ಸಿಮೆಂಟ್ ಕಲಸಿದಂಥ ಬೂದು ನೀರು. ಅವನು ಎರಚಿದ್ದು ಸಿಲಿಕಾ ಮರಳೇ ಅಲ್ಲ, ಮನೆ ಕಟ್ಟುವ ಕಡೆ ರಾಶಿ ಹಾಕಿರುವ ಎಂ-ಸ್ಯಾಂಡ್. ಸಿಲಿಕಾ ಮರಳಿನ ಕಾಳು ಗುಂಡಗೆ, ತೊಳೆದದ್ದು. ನೀರನ್ನು ಕೆಳಗೆ ಬಿಡುತ್ತದೆ. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡಿನಲ್ಲಿ ನುಣ್ಣನೆಯ ಧೂಳಿರುತ್ತದೆ. ಅದು ಹುಲ್ಲಿನ ತಳದಲ್ಲಿ ನೀರು ಇಳಿಯಲೆಂದೇ ಇರುವ ತೂತುಗಳಿಗೆ ಹೋಗಿ ಕೂತು ಮೆತ್ತಿಕೊಂಡಿತ್ತು.

ಆ ನೀರಿನಲ್ಲಿ ನನ್ನ ಮೂರು ತೇಪೆಗಳಲ್ಲಿ ಎರಡು ದೋಣಿಯ ಹಾಗೆ ತೇಲುತ್ತಿದ್ದವು. ಕೊಡೆ ಹಿಡಿದು ಹೋಗಿ ಒಂದನ್ನು ಎತ್ತಿದೆ. ಕೆಳಗೆ ಟೇಪಿಲ್ಲ, ಏನಿಲ್ಲ. ನಾಲ್ಕು ಮೂಲೆಗೆ ಬಡಗಿಗಳು ಮರಕ್ಕೆ ಹಾಕುವ ಬಿಳಿ ಅಂಟು. ಅದು ನೆನೆದು ಗಂಜಿಯಾಗಿ ಬೆರಳಿಗೆ ಹತ್ತಿತು. ತುಂಡನ್ನು ತಿರುವಿ ನೋಡಿದೆ. ನನ್ನ ಹುಲ್ಲಿನ ಹಿಂಬದಿ ಕಪ್ಪು. ಇದರ ಹಿಂಬದಿ ಹಸಿರು. ನನ್ನ ಹುಲ್ಲಿನ ಬುಡದಲ್ಲಿ ಕಂದುಬಣ್ಣದ ಗುಂಗುರು ಎಳೆಗಳಿವೆ, ಇದರಲ್ಲಿ ಒಂದೂ ಇಲ್ಲ. ಮಳೆಯಲ್ಲಿ ಆ ಹಸಿರು ತುಂಡನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಜಗಲಿಯ ಮೇಲಿಂದ ಹೆಂಡತಿ ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಎರಡೂ ಬದಿಯ ಫೋಟೋ ತೆಗೆದು ಅವನಿಗೆ ಕಳಿಸಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಹೇಳುತ್ತೇನೆ, ನೀವೇ ನೋಡಿ.

ಮೊದಲನೆಯದು: "ಮಳೆಗೆ ನಾವೇನ್ ಮಾಡಕ್ಕಾಗುತ್ತೆ ಸರ್?" ಮನೆಯ ಹೊರಗೆ ಹಾಸುವ ವಸ್ತುವಿನ ಮೇಲೆ ಮಳೆ ಬೀಳಬಾರದಿತ್ತಂತೆ.

ಒಂದು ವರ್ಷದ ವಾರಂಟಿ ಎಂದಿರಲ್ಲ ಎಂದು ಕೇಳಿದೆ. "ವಾರಂಟಿ ಹುಲ್ಲಿಗೆ ಸರ್, ಅಂಟಿಗಲ್ಲ."

ಹುಲ್ಲು ನನ್ನದಲ್ಲ, ಬೇರೆ ಮಾಲು ಹಾಕಿದ್ದೀರಿ ಎಂದೆ. "ನೀವೇ ಕೊಟ್ಟ ಪೀಸ್ ಸರ್ ಅದು, ನಮ್ಮ ಹುಡುಗ್ರು ಸಾಕ್ಷಿ."

ಹಾಗಾದರೆ ಹಿಂಬದಿಯ ಬಣ್ಣ ಕಪ್ಪಿನಿಂದ ಹಸಿರಾದದ್ದು ಹೇಗೆ ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: "ಬಿಸಿಲಿಗೆ ಕಲರ್ ಬಿಡುತ್ತೆ ಸರ್." ನೆಲಕ್ಕೆ ಮುಖ ಮಾಡಿರುವ ಬದಿಗೆ ಬಿಸಿಲು! ಹದಿನೈದೇ ದಿನದಲ್ಲಿ ಕಪ್ಪು ಹೋಗಿ ಹಸಿರಾಗುವ ಬಿಸಿಲು, ಅದೂ ಚಂಡಮಾರುತದಲ್ಲಿ!

ಕೊನೆಗೆ ಒಂದು ಧ್ವನಿಸಂದೇಶ ಬಂತು. ನನ್ನ ಹುಲ್ಲೆಲ್ಲ ಹಳೆಯದಾಗಿದೆಯೆಂದೂ, ಪೂರ್ತಿ ಕಿತ್ತು ಹೊಸದು ಹಾಸಿಕೊಂಡರೆ ಅಡಿಗೆ 95ರಂತೆ ಮಾಡಿಕೊಡುವುದಾಗಿಯೂ, "ನೀವು ಹಿರಿಯರು ಅಂತ" ಹಳೆಯದನ್ನು ಸಾಗಿಸುವ ಖರ್ಚು ಬಿಡುವುದಾಗಿಯೂ ಹೇಳಿದ. ಮೊದಲ ದಿನ "ಇಂಥ ಮಾಲ್ ಬರೋದೇ ಇಲ್ಲ" ಎಂದವನೂ ಇವನೇ. ಆ ಮೇಲೆ ಫೋನ್ ಎತ್ತಲಿಲ್ಲ. ಅವನ ಸ್ಟೇಟಸ್ಸಿನಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಪುಟ್ಟ ಬಾಲ್ಕನಿಯ ಫೋಟೋ ಬಂದಿತ್ತು. ಹಿಗ್ಗಿಸಿ ನೋಡಿದೆ, ಕಂದು ಗುಂಗುರು ಇದ್ದ ಹಾಗೆ ಕಂಡಿತು. ಸಾಬೀತು ಮಾಡಲಾರೆ, ಅನುಮಾನವನ್ನೂ ಬಿಡಲಾರೆ.

ಕೊನೆಗೆ ಈ ಕೆಲಸ ಸರಿಮಾಡಿಕೊಟ್ಟದ್ದು ಫುಟ್‌ಬಾಲ್ ಟರ್ಫುಗಳಲ್ಲಿ ದುಡಿದ ಹಿರಿಯರೊಬ್ಬರು, ಪರಿಚಯದವರ ಮೂಲಕ ಬಂದವರು. ಅವರು ಬಂದವರೇ ಚಪ್ಪಲಿ ಬಿಟ್ಟು ಕೂತು, ಹುಲ್ಲಿನ ಮೇಲೆ ಅಂಗೈಯನ್ನು ಒಮ್ಮೆ ಮನೆಯ ಕಡೆಗೆ, ಒಮ್ಮೆ ಗೇಟಿನ ಕಡೆಗೆ ಸವರಿದರು. "ಯಜಮಾನ್ರೇ, ಬೆಕ್ಕಿನ ಮೈ ಸವರಿದ ಹಾಗೆ ಇದು. ಒಂದು ಕಡೆ ನುಣುಪು, ಇನ್ನೊಂದು ಕಡೆ ತಡೆಯುತ್ತೆ. ಅವ್ನು ಉಲ್ಟಾ ಕೂರಿಸಿದಾನೆ" ಎಂದರು. ಎಸಳಿನ ವಾಲಿಕೆ ತಿರುಗಿದ್ದರಿಂದಲೇ ಗೇಟಿನಿಂದ ಕಪ್ಪಾಗಿ ಕಂಡದ್ದು. ಇನ್ನೂ ಹತ್ತು ವರ್ಷ ತುಳಿದಿದ್ದರೂ ಅದು ಸೆಟ್ ಆಗುತ್ತಿರಲಿಲ್ಲ. ಉಳಿದ ಹುಲ್ಲು ಇಲ್ಲವಲ್ಲ ಎಂದು ನಾನು ಕೊರಗಿದಾಗ ಅವರು ಸಂಪಿನ ಮುಚ್ಚಳದ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಿಂದ ನನ್ನದೇ ಹುಲ್ಲನ್ನು ಕತ್ತರಿಸಿ ತೆಗೆದರು. ಕತ್ತರಿಸಿದ್ದು ಮೇಲಿನಿಂದಲ್ಲ, ತಿರುವಿ ಹಾಕಿ ಹಿಂಬದಿಯ ಹೊಲಿಗೆಯ ಸಾಲುಗಳ ನಡುವೆ, ಎಸಳಿಗೆ ಕಟರ್ ತಾಗದಂತೆ. ಅಂಚಿನ ಕೆಳಗೆ ಎರಡೂ ಕಡೆಗೆ ಸಮನಾಗಿ ಬರುವಂತೆ ಅಗಲವಾದ ಜಾಯಿಂಟ್ ಟೇಪ್ ಹಾಸಿ, ಪಾಲಿಯುರೆಥೇನ್ ಅಂಟು ಹಚ್ಚಿ, ನಡುವೆ ಸಿಕ್ಕಿಕೊಂಡ ಎಸಳುಗಳನ್ನು ಒಂದೊಂದಾಗಿ ಮೊಳೆಯ ತುದಿಯಿಂದ ಮೇಲೆತ್ತಿ, ಇಟ್ಟಿಗೆ ಹೇರಿ, ಒಂದು ದಿನ ಯಾರೂ ಕಾಲಿಡಬೇಡಿ ಎಂದರು. ಮೊದಲನೆಯವನ ಹಸಿರು ತಳದ ತುಂಡುಗಳು ಈಗ ಸಂಪಿನ ಹಿಂದಿವೆ. ಜಾಯಿಂಟೂ ಸೇರಿ ಅವರು ತೆಗೆದುಕೊಂಡದ್ದು 2,200 ರೂಪಾಯಿ.

ಎಂ-ಸ್ಯಾಂಡನ್ನು ಮಾತ್ರ ಪೂರ್ತಿ ತೆಗೆಯಲಾಗಲಿಲ್ಲ. ಒಣಗಿದ ಮೇಲೆ ಗುಡಿಸಿ, ವ್ಯಾಕ್ಯೂಮಿನಲ್ಲಿ ಎಳೆಸಿ, ತೊಳೆದು ಆಯಿತು. ಈಗಲೂ ಮೊಮ್ಮಗ ಆಡಿ ಒಳಗೆ ಬಂದರೆ ನೆಲದ ಮೇಲೆ ಬೂದು ಹೆಜ್ಜೆ ಮೂಡುತ್ತದೆ.

ನೀವು ಮಾಡಬೇಕಾದದ್ದು ಇಷ್ಟೆ. ಉಳಿದ ತುಂಡು ಮನೆಯಿಂದ ಹೊರಗೆ ಹೋಗಬಾರದು. ಕತ್ತರಿಸುವುದು ನಿಮ್ಮ ಕಣ್ಣೆದುರೇ ಆಗಲಿ. ಅಂಟಿಸುವ ಮೊದಲು ಟೇಪ್ ತೋರಿಸಿ ಎನ್ನಿ, ತುಂಡಿನ ಹಿಂಬದಿ ನೋಡಿ, ಅಂಗೈ ಸವರಿ ನೋಡಿ. ಮರಳಿನ ಚೀಲ ಬಿಚ್ಚಿದಾಗ ಒಂದು ಹಿಡಿಯನ್ನು ಲೋಟದ ನೀರಿಗೆ ಹಾಕಿ, ನೀರು ಬೂದಾದರೆ ಚೀಲ ವಾಪಸ್ ಕಳಿಸಿ. ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಮತ್ತೆ, ಹೆಂಡತಿ ಏನಾದರೂ ಹೇಳಿದರೆ ಆ ಕ್ಷಣದಲ್ಲೇ ಕೇಳಿಸಿಕೊಳ್ಳಿ.

ನನ್ನ ಬಳಿ ಬಿಲ್ ಇರಲಿಲ್ಲ. ಹಣ ಕಳಿಸಿದ ದಾಖಲೆ, ಆ ಚೀಟಿ, ಅವನ ಸಂದೇಶಗಳು ಇದ್ದವು. ಅವನ್ನೇ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಐದು ಲಕ್ಷದವರೆಗಿನ ವ್ಯವಹಾರವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ಅದಕ್ಕೂ ಕಾಗದ ಸಿದ್ಧ ಮಾಡುತ್ತಿದ್ದೇನೆ. ಇದು ಗೊತ್ತಾದ ಮೇಲೆ, ಇಷ್ಟು ದಿನ ಫೋನ್ ಎತ್ತದವನು ತಾನಾಗಿಯೇ ಸಂದೇಶ ಕಳಿಸಿದ್ದಾನೆ: "ಸರ್ ಕಂಪ್ಲೇಂಟ್ ವಾಪಸ್ ತಗೊಳ್ಳಿ, 500 ರೂಪಾಯಿ ಹಾಕ್ತೀನಿ." ಅವನು ಹೊತ್ತೊಯ್ದ ಮೂವತ್ತೊಂಬತ್ತು ಅಡಿ ಹುಲ್ಲೊಂದಕ್ಕೇ ಅಡಿಗೆ 75ರಂತೆ 2,925 ರೂಪಾಯಿ ಆಗುತ್ತದೆ. ಆ ಲೆಕ್ಕವನ್ನು ಬರೆದು ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಇನ್ನೂ ಬಂದಿಲ್ಲ.